ಎಲ್ಟನ್ನಿನ ಉಪ್ಪು ಕ್ಯಾಸ್ಪಿಯನ್ ಬಿಟ್ಟುಹೋದದ್ದಲ್ಲ

ಸ್ಟೆಪ್ಪಿ ಹುಲ್ಲುಗಾವಲಿನ ಉಪ್ಪುಸರೋವರಗಳ ಬಗ್ಗೆ ವಿದ್ಯಾರ್ಥಿಗಳು ಬರೆದ ಉತ್ತರಗಳನ್ನು ತಿದ್ದುವಾಗ ಒಂದೇ ವಾಕ್ಯ ವರ್ಷವರ್ಷವೂ ಎದುರಾಗುತ್ತದೆ: ‘ಇಲ್ಲಿ ಹಿಂದೆ ಸಮುದ್ರವಿತ್ತು, ಅದು ಸರಿದುಹೋದಾಗ ಉಪ್ಪು ಉಳಿಯಿತು.’ ರಷ್ಯಾದ ವೋಲ್ಗೋಗ್ರಾದ್ ಪ್ರಾಂತ್ಯದಲ್ಲಿ, ಕಜಾಕಸ್ತಾನದ ಗಡಿಯ ಸಮೀಪದಲ್ಲಿರುವ ಎಲ್ಟನ್ ಸರೋವರದ ಮಟ್ಟಿಗೆ ಈ ಉತ್ತರವನ್ನು ನಾನು ಒಪ್ಪುವುದಿಲ್ಲ.

ಹಿಮಯುಗದ ಕೊನೆಯ ಭಾಗದಲ್ಲಿ ಕ್ಯಾಸ್ಪಿಯನ್ ಉತ್ತರಕ್ಕೆ ಉಕ್ಕಿ ಈ ತಗ್ಗುಪ್ರದೇಶವನ್ನು ಮುಳುಗಿಸಿದ್ದು ನಿಜ. ಅದು ಬಿಟ್ಟುಹೋದ ಜೇಡಿಮಣ್ಣಿನಲ್ಲಿ ಲವಣವಿರುವುದರಿಂದ ಅದರ ಪಾಲು ಏನೇನೂ ಇಲ್ಲ ಎಂದು ಹೇಳಲಾರೆ. ಆದರೆ ಇಡೀ ಬಯಲನ್ನೇ ಆವರಿಸಿದ್ದ ಸಮುದ್ರವು ಉಪ್ಪನ್ನು ಕೆಲವೇ ಕುಳಿಗಳಲ್ಲಿ ಇಷ್ಟೊಂದು ಏಕೆ ಕೂಡಿಟ್ಟಿತು ಎಂಬ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಇಂದಿನ ಕ್ಯಾಸ್ಪಿಯನ್ನಿನ ನೀರಿನಲ್ಲಿ ಲೀಟರಿಗೆ ಸುಮಾರು 13 ಗ್ರಾಂ ಲವಣವಿದ್ದರೆ ಎಲ್ಟನ್ನಿನಲ್ಲಿ ಅದು 200 ಗ್ರಾಂಗಳನ್ನೂ ಮೀರುತ್ತದೆ.

ಉತ್ತರ ಇರುವುದು ನೆಲದಡಿಯಲ್ಲಿ. ಅಲ್ಲಿರುವುದು ಸುಮಾರು 27 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಸಮುದ್ರವೊಂದು ಆವಿಯಾಗಿ ಉಳಿಸಿದ ದಪ್ಪನೆಯ ಕಲ್ಲುಪ್ಪಿನ ಪದರ. ಮೇಲಿನ ಶಿಲಾಸ್ತರಗಳ ಭಾರಕ್ಕೆ ಸಿಕ್ಕಿದ ಈ ಉಪ್ಪು, ತಾನು ಹಗುರವಾದ್ದರಿಂದ, ಬಹು ನಿಧಾನವಾಗಿ ಮೇಲಕ್ಕೆ ಹರಿದು ಗುಮ್ಮಟದಂತೆ ಉಬ್ಬುತ್ತದೆ. ಸರೋವರದ ಪೂರ್ವದಲ್ಲಿರುವ ಉಲಗಾನ್ ದಿಬ್ಬ ಎದ್ದದ್ದು ಹೀಗೆಯೇ. ಈ ಗುಮ್ಮಟಗಳನ್ನು ಸೋಕಿ ಉಪ್ಪನ್ನು ಕರಗಿಸಿಕೊಂಡ ಅಂತರ್ಜಲ ಊಟೆಗಳಾಗಿ ಹೊರಬಂದು ಹೊಳೆಗಳನ್ನು ಸೇರುತ್ತದೆ. ‘ಹೊಳೆ ನೀರು ಸಿಹಿಯಲ್ಲವೇ ಸರ್?’ ಎಂದು ಮಲೆನಾಡಿನ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ಅವಳು ಕಂಡ ಹೊಳೆಗಳೆಲ್ಲ ಸಿಹಿಯಾದ್ದರಿಂದ ಆ ಪ್ರಶ್ನೆ ಸಹಜವಾದದ್ದು, ಕೇಳಿದ್ದಕ್ಕೆ ನನಗೆ ಸಂತೋಷವೂ ಆಯಿತು. ಎಲ್ಟನ್ನಿಗೆ ಬಂದು ಸೇರುವ ಖಾರಾ, ಲಾಂತ್ಸುಗ್ ಹೊಳೆಗಳು ಸವಳು. ಚೆರ್ನಾವ್ಕಾ, ಸೊಲ್ಯಾಂಕಾಗಳ ನೀರಂತೂ ಹೆಚ್ಚುಕಡಿಮೆ ಕಡಲ ನೀರಿನಷ್ಟೇ ಉಪ್ಪು. ಅಂದರೆ ಉಪ್ಪು ಎಂದೋ ಉಳಿದದ್ದಲ್ಲ, ಇಂದಿಗೂ ಬರುತ್ತಿದೆ.

ಬಂದ ಉಪ್ಪಿಗೆ ಹೋಗಲು ದಾರಿಯಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ಈ ಸರೋವರಕ್ಕೆ ಕೋಡಿಯೇ ಇಲ್ಲ. ವರ್ಷಕ್ಕೆ ಬೀಳುವ ಸುಮಾರು 300 ಮಿಲಿಮೀಟರ್ ಮಳೆ-ಹಿಮಕ್ಕಿಂತ ಬಿಸಿಲು ಎಳೆದುಕೊಳ್ಳುವುದೇ ಬಹಳ ಹೆಚ್ಚು. ಹೀಗಾಗಿ ಸುಮಾರು 150 ಚದರ ಕಿಲೋಮೀಟರ್ ಹರಹಿನಲ್ಲಿ ಬೇಸಿಗೆಯ ಕೊನೆಗೆ ಉಳಿಯುವುದು ಕೆಲವೇ ಸೆಂಟಿಮೀಟರ್ ಆಳದ, ಡ್ಯುನಾಲಿಯೆಲ್ಲಾ ಪಾಚಿಯಿಂದ ನಸುಗೆಂಪಾದ ಉಪ್ಪುನೀರು. ಅದರ ತಳದ ಬಿಳಿಯ ಹರಳುಪದರವನ್ನು ಒಡೆದರೆ ಗಂಧಕದ ವಾಸನೆಯ ಕಪ್ಪು ಕೆಸರು ಮೇಲೆ ಬರುತ್ತದೆ.

ಸೋಡಿಯಂ ಕ್ಲೋರೈಡ್ ಮೊದಲು ಹರಳುಗಟ್ಟುವುದರಿಂದ ಉಳಿದ ನೀರಿನಲ್ಲಿ ಮೆಗ್ನೀಸಿಯಂ ಹೆಚ್ಚುತ್ತ ಹೋಗುತ್ತದೆ. ಎಲ್ಟನ್ನಿನ ಉಪ್ಪಿಗೆ ಕಹಿ ಸೇರುವುದು ಇದರಿಂದ. 18ನೇ ಶತಮಾನದಲ್ಲಿ ಎತ್ತಿನ ಗಾಡಿಗಳಲ್ಲಿ ವೋಲ್ಗಾ ದಡಕ್ಕೆ ಸಾಗುತ್ತಿದ್ದ ಆ ಉಪ್ಪನ್ನು ತೆಗೆಯುವ ಕೆಲಸ 1880ರ ದಶಕದಲ್ಲಿ ನಿಂತು, ಸುಮಾರು 100 ಕಿಲೋಮೀಟರ್ ದಕ್ಷಿಣದ ಬಾಸ್ಕುಂಚಾಕ್ ಸರೋವರದ ಹೆಚ್ಚು ಶುದ್ಧವಾದ ಉಪ್ಪು ಆ ಜಾಗಕ್ಕೆ ಬಂದಿತು. ಅದರ ದಡದ ಬೊಗ್ದೋ ಗುಡ್ಡವನ್ನು ಮೇಲೆತ್ತಿದ್ದೂ ಇದೇ ಪರ್ಮಿಯನ್ ಕಲ್ಲುಪ್ಪು.