ಅವಧಿಗೆ ಮುನ್ನ ಪಿಂಚಣಿ: ‘ಅರ್ಹತೆ ಇಲ್ಲ’ ಎಂದರೆ ಮುಂದೇನು?

ಬಳ್ಳಾರಿಯಲ್ಲಿ ಕಾರ್ಮಿಕ ಕಾನೂನು ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ನಮ್ಮ ಸುತ್ತಲಿನ ಎಷ್ಟೋ ಮನೆಗಳಿಗೆ ಇದು ಪರೀಕ್ಷೆಯ ಪ್ರಶ್ನೆಯಲ್ಲ, ತಿಂಗಳ ರೇಷನ್ನಿನ ಪ್ರಶ್ನೆ.

1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಪೂರ್ಣ ಪಿಂಚಣಿಗೆ 58 ವರ್ಷ ತುಂಬಬೇಕು. ಕೆಲಸ ಬಿಟ್ಟಿದ್ದು 10 ವರ್ಷಗಳ ಅರ್ಹ ಸೇವೆ (ಪಿಂಚಣಿಗೆ ಲೆಕ್ಕಕ್ಕೆ ಬರುವ ಸೇವೆ) ಇದ್ದರೆ 50 ದಾಟಿದ ಮೇಲೆ ಯಾವಾಗಲಾದರೂ ಕೇಳಬಹುದು. ಆದರೆ 58ಕ್ಕೆ ಕಡಿಮೆಯಾದ ಪ್ರತಿ ವರ್ಷಕ್ಕೂ ಶೇ 4 ಕಡಿತ. 58ಕ್ಕೆ 3,000 ರೂಪಾಯಿ ಬರಬೇಕಾದವರು 57ಕ್ಕೇ ಕೇಳಿದರೆ 2,880 ಸಿಗುತ್ತದೆ. 58 ತುಂಬಿದ ಮೇಲೂ ಆ 120 ರೂಪಾಯಿ ಮರಳುವುದಿಲ್ಲ. ಅರ್ಜಿ ಬರೆದುಕೊಡುವ ಮೊದಲು ಇದನ್ನು ಹಿರಿಯರಿಗೆ ಬಿಡಿಸಿ ಹೇಳಿ.

ತಕರಾರು ಹೆಚ್ಚಾಗಿ ಹುಟ್ಟುವುದು ಆ ಹತ್ತು ವರ್ಷದ ಲೆಕ್ಕದಲ್ಲಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. 2002ರ ಜನವರಿಯಲ್ಲಿ ಸಂಡೂರಿನ ಗಣಿಯೊಂದಕ್ಕೆ ಸೇರಿ ಆ ಜುಲೈನಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕನೊಬ್ಬನನ್ನು ಊಹಿಸಿಕೊಳ್ಳಿ. ಸೇವೆ 9 ವರ್ಷ 7 ತಿಂಗಳು. ಭವಿಷ್ಯ ನಿಧಿಯ ಪಾಸ್‌ಬುಕ್ ನೋಡಿದವರು ‘ಹತ್ತು ತುಂಬಿಲ್ಲ’ ಎಂದುಬಿಡುತ್ತಾರೆ. ಯೋಜನೆಯ 9ನೇ ಪ್ಯಾರಾ ಓದಿ: ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ತುಣುಕನ್ನು ಒಂದು ವರ್ಷವೆಂದೇ ಎಣಿಸಬೇಕು. ಆತನಿಗೆ ಹತ್ತು ತುಂಬಿದೆ! ಅದೇ 9 ವರ್ಷ 5 ತಿಂಗಳಾಗಿದ್ದರೆ ಆ ಐದು ತಿಂಗಳು ಲೆಕ್ಕಕ್ಕಿಲ್ಲ. ಹಾಗಾಗಿ ಸೇರಿದ ದಿನ, ಬಿಟ್ಟ ದಿನ ಎರಡನ್ನೂ ನೇಮಕದ ಕಾಗದ, ಸಂಬಳದ ಚೀಟಿಗಳೊಂದಿಗೆ ತಾಳೆ ನೋಡುವುದೇ ಮೊದಲ ಕೆಲಸ.

ಇನ್ನೊಂದು ತಕರಾರು ವಯಸ್ಸಿನದು. 2024ರ ಜನವರಿಯಿಂದ, ಈ ಯೋಜನೆ ನಡೆಸುವ ಭವಿಷ್ಯ ನಿಧಿ ಸಂಘಟನೆ (ಇಪಿಎಫ್‌ಒ) ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರ್ ಅನ್ನು ಕೈಬಿಟ್ಟಿದೆ. ಅದರ ಬದಲು ಶಾಲೆಯ ವರ್ಗಾವಣೆ ಪತ್ರ ಹುಡುಕಿಸಿ.

ಇನ್ನು ಮೇಲ್ಮನವಿ. ಇಲ್ಲಿ ನಾನೂ ಬಹಳ ದಿನ ತಪ್ಪು ತಿಳಿದಿದ್ದೆ. 1952ರ ನೌಕರರ ಭವಿಷ್ಯ ನಿಧಿ ಕಾಯ್ದೆಯ 7-ಐ ಕಲಮಿನ ನ್ಯಾಯಮಂಡಳಿ ಮುಖ್ಯವಾಗಿ ಮಾಲೀಕರ ಬಾಕಿ, ದಂಡದಂಥ ಆದೇಶಗಳಿಗೆ. ಪಿಂಚಣಿ ನಿರಾಕರಿಸಿದ್ದಕ್ಕೆ ಕಾರ್ಮಿಕ ನೇರವಾಗಿ ಅಲ್ಲಿಗೆ ಹೋಗುವಂತಿಲ್ಲ. ಮೊದಲು ತಿರಸ್ಕಾರದ ಕಾರಣವನ್ನು ಬರಹದಲ್ಲಿ ಪಡೆದು, ಸಂಘಟನೆಯ ಕುಂದುಕೊರತೆ ಜಾಲತಾಣದಲ್ಲಿ ದೂರು ದಾಖಲಿಸಬೇಕು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಭವಿಷ್ಯ ನಿಧಿಯ ಸದಸ್ಯ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ತಿರಸ್ಕಾರದ ಪತ್ರದ ಮೇಲಿನ ತಾರೀಖು ಅದಕ್ಕೇ ಅಷ್ಟು ಮುಖ್ಯ.

ಕೊನೆಯ ದಾರಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ (ಸರ್ಕಾರಿ ಸಂಸ್ಥೆಯ ಆದೇಶವನ್ನು ಪ್ರಶ್ನಿಸುವ ಅರ್ಜಿ). ನಮ್ಮ ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠಕ್ಕೆ ಹೋಗಬೇಕು. ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದವರಾದರೆ ರಾಯಚೂರು ಜಿಲ್ಲೆಯವರು, ಅವರಿಗೆ ಕಲಬುರಗಿ ಪೀಠ.