ಒಂದು ರಾತ್ರಿಯ ಪಾರಿಜಾತ, ಒಂದೇ ಡಿವಿಡಿ

ಮುಧೋಳದ ಹತ್ತಿರದ ಹಳ್ಳಿಯಿಂದ ನನ್ನ ಸೋದರಮಾವ ಎರಡು ವಿಎಚ್‌ಎಸ್ ಕ್ಯಾಸೆಟ್ ತಂದುಕೊಟ್ಟರು. ಊರ ಜಾತ್ರೆಯಲ್ಲಿ ರಾತ್ರಿಯಿಡೀ ಆಡಿದ ಶ್ರೀಕೃಷ್ಣ ಪಾರಿಜಾತ. ಚಿತ್ರೀಕರಣ ಆಗಿದ್ದು ನಾಲ್ಕು ತಾಸು. ಜೊತೆಗೆ ಒಂದು ಡಿವಿಡಿಯೂ ಇತ್ತು. ಅದೇ ಕ್ಯಾಸೆಟ್‌ಗಳಿಂದ ಪಟ್ಟಣದ ಅಂಗಡಿಯೊಂದರಲ್ಲಿ ಮಾಡಿಸಿದ್ದು. ಹಾಕಿ ನೋಡಿದೆ. ಸತ್ಯಭಾಮೆ ಸುಮ್ನೆ ನಿಂತಾಗ ಚೆನ್ನಾಗಿಯೇ ಕಾಣುತ್ತಾಳೆ. ಹೆಜ್ಜೆ ಹಾಕಲು ಶುರು ಮಾಡಿದಳೋ, ಮುಖ ಚೌಕ ಚೌಕವಾಗಿ ಒಡೆಯುತ್ತದೆ.

"ಕ್ಯಾಸೆಟ್ ಹಳೇದು ಐತಿ, ಅದಕ್ಕ ಹಿಂಗ ಅಂದ್ರು" ಎಂದರು ಮಾವ.

ಕ್ಯಾಸೆಟ್ಟನ್ನೇ ಹಾಕಿ ನೋಡಿದೆ. ಮಬ್ಬಾಗಿತ್ತು. ಕೆಂಪು ಬಣ್ಣ ಅಂಚು ದಾಟಿ ಹರಡಿತ್ತು. ಆದರೆ ಒಂದೇ ಒಂದು ಚೌಕ ಇರಲಿಲ್ಲ. ಟೇಪಿನಲ್ಲಿ ಇಂಥ ಚೌಕ ಹುಟ್ಟುವುದೇ ಇಲ್ಲ. ಅದು ಡಿಜಿಟಲ್ ಮಾಡುವಾಗ ಅಂಟಿದ ಕಾಯಿಲೆ. ಕಾರಣ ಡಿವಿಡಿಯ ಕವರಿನ ಮೇಲೆಯೇ ಇತ್ತು: 'ಫುಲ್ ರೆಸಲ್ಯೂಶನ್, 720×576'. ಅಂದರೆ ಅಗಲಕ್ಕೆ 720, ಎತ್ತರಕ್ಕೆ 576 ಪಿಕ್ಸೆಲ್, ಚಿತ್ರ ಕಟ್ಟುವ ಚುಕ್ಕಿಗಳು. ನಾಲ್ಕು ತಾಸಿನ ಆಟವನ್ನು ಪೂರ್ತಿ ಗಾತ್ರದಲ್ಲೇ ಒಂದು ಡಿಸ್ಕಿಗೆ ತುರುಕಿದ್ದರು. ಪಿಕ್ಸೆಲ್ ಜಾಸ್ತಿ ಇದ್ದಷ್ಟೂ ಚಿತ್ರ ಚೆಂದ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿ ಕೂತಿದೆ. ಈ ನಂಬಿಕೆಯಿಂದ ಎಷ್ಟು ಮದುವೆ, ಎಷ್ಟು ಆಟ, ಎಷ್ಟು ಭಜನೆಯ ಕ್ಯಾಸೆಟ್‌ಗಳು ಹಾಳಾಗಿವೆಯೋ ಎಂದು ನೆನೆದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇದಕ್ಕೆ ಜೋಡಿಯಾಗಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ರೆಸಲ್ಯೂಶನ್ ಇಳಿಸಿದರೆ ಫೈಲ್ ತಾನಾಗಿ ಚಿಕ್ಕದಾಗುತ್ತದೆ ಎನ್ನುವುದು. ಹಾಗಾಗುವುದಿಲ್ಲ. ಫೈಲಿನ ಗಾತ್ರ ನಿಂತಿರುವುದು ಬಿಟ್‌ರೇಟಿನ ಮೇಲೆ. ಒಂದು ಸೆಕೆಂಡಿನ ಚಿತ್ರಕ್ಕೆ ಎಷ್ಟು ಬಿಟ್ ಖರ್ಚು ಮಾಡುತ್ತೀರಿ ಎನ್ನುವುದೇ ಬಿಟ್‌ರೇಟ್. ಅದನ್ನು ಒಟ್ಟು ಸೆಕೆಂಡುಗಳಿಂದ ಗುಣಿಸಿದರೆ ಗಾತ್ರ ಬಂತು. ಆ ಲೆಕ್ಕದಲ್ಲಿ ಪಿಕ್ಸೆಲ್ ಎಂಬ ಮಾತೇ ಬರುವುದಿಲ್ಲ.

ಹಾಗಾದರೆ ರೆಸಲ್ಯೂಶನ್ ಏಕೆ ಇಳಿಸಬೇಕು? ಘಟಪ್ರಭಾ ಕಾಲುವೆಯ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ನೀರಿನ ಪಾಳಿ ಬಂದಾಗ ಸಿಗುವುದು ಇಷ್ಟೇ ನೀರು. ಆ ನೀರಿನಲ್ಲಿ ನಾಲ್ಕು ಎಕರೆ ಕಬ್ಬು ಹಚ್ಚಿದರೆ ನಾಲ್ಕೂ ಎಕರೆ ಒಣಗುತ್ತದೆ. ಎರಡೇ ಎಕರೆ ಹಚ್ಚಿದರೆ ಎರಡೂ ಹಸಿರಾಗಿ ನಿಲ್ಲುತ್ತವೆ. ಹೊಲ ಕಡಿಮೆ ಮಾಡಿದ್ದಕ್ಕೆ ಕಾಲುವೆಯ ನೀರು ಉಳಿಯಲಿಲ್ಲ. ಪ್ರತಿ ಮಡಿಗೆ ಸಿಗುವ ಪಾಲು ಹೆಚ್ಚಾಯಿತು. ಬಿಟ್‌ರೇಟ್ ನೀರು, ರೆಸಲ್ಯೂಶನ್ ಹೊಲ.

ಮಡಿ ಎಂದದ್ದು ಬರೀ ಹೋಲಿಕೆಗಲ್ಲ. ಡಿವಿಡಿಯಲ್ಲಿ ಬಳಸುವ ಎಂಪೆಗ್-2 ಪದ್ಧತಿ ಪ್ರತಿ ಚಿತ್ರವನ್ನು ನಿಜವಾಗಿಯೂ 16×16 ಪಿಕ್ಸೆಲ್‌ನ ಮಡಿಗಳಾಗಿ ಕತ್ತರಿಸುತ್ತದೆ. 720×576 ಚಿತ್ರದಲ್ಲಿ ಅಡ್ಡಕ್ಕೆ 45, ಉದ್ದಕ್ಕೆ 36. ಒಟ್ಟು 1620 ಮಡಿ. ಅಗಲವನ್ನು 352ಕ್ಕೆ ಇಳಿಸಿದರೆ 792 ಮಡಿ.

ಈಗ ನೀರು ಅಳೆಯೋಣ. ಸಾಮಾನ್ಯ ಡಿವಿಡಿ 4.7 ಜಿಬಿ. (ಕಂಪ್ಯೂಟರ್ 4.37 ಎಂದು ತೋರಿಸುವುದು ಮೋಸವಲ್ಲ. ಅದು 1000ದ ಬದಲು 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೇ.) ಬಿಟ್‌ನಲ್ಲಿ ಹೇಳಿದರೆ 37,600 ಮೆಗಾಬಿಟ್. ನಾಲ್ಕು ತಾಸು ಎಂದರೆ 14,400 ಸೆಕೆಂಡು. ಸೆಕೆಂಡಿಗೆ ಬಂದದ್ದು 2.6 ಮೆಗಾಬಿಟ್. ಧ್ವನಿಗೆ ಸ್ವಲ್ಪ, ಚಿತ್ರ ಧ್ವನಿ ಎರಡನ್ನೂ ಒಟ್ಟಿಗೆ ಕಟ್ಟುವ ಫೈಲಿನ ಚೀಲಕ್ಕೆ ಸ್ವಲ್ಪ ತೆಗೆದಿಟ್ಟರೆ ಚಿತ್ರಕ್ಕೆ 2.3 ಉಳಿಯುತ್ತದೆ. ಸೆಕೆಂಡಿಗೆ 25 ಚಿತ್ರ. ಅಂದರೆ ಒಂದು ಚಿತ್ರಕ್ಕೆ 92,000 ಬಿಟ್. ಅದನ್ನು 1620 ಮಡಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 57 ಬಿಟ್. 792 ಮಡಿಗೆ ಹಂಚಿದರೆ 116. ಎರಡು ತಾಸಿನ ಸಿನಿಮಾವನ್ನು ಪೂರ್ತಿ ಗಾತ್ರದಲ್ಲಿ ಇದೇ ಡಿಸ್ಕಿಗೆ ಹಾಕಿದರೆ ಮಡಿಗೆ ಸಿಗುವುದು ಸುಮಾರು 120. ನೋಡಿ, ಹತ್ತಿರ ಹತ್ತಿರ ಅದೇ ಪಾಲು!

57 ಬಿಟ್‌ನಲ್ಲಿ 256 ಪಿಕ್ಸೆಲ್ ಹೇಳುವುದು ಹೇಗೆ? ಈ ಇಡೀ ವಿದ್ಯೆಯಲ್ಲಿ ನನಗೆ ಅತಿ ಇಷ್ಟದ ಜಾಗ ಇದು.

ಇಳಕಲ್ ಸೀರೆಯೊಂದನ್ನು ಫೋನಿನಲ್ಲಿ ಯಾರಿಗೋ ವಿವರಿಸಬೇಕು ಎಂದುಕೊಳ್ಳಿ. ಒಂದೊಂದು ಎಳೆಯ ಬಣ್ಣ ಹೇಳುತ್ತಾ ಕೂರುತ್ತೀರಾ? ಇಲ್ಲ. "ಮೈ ಪೂರ್ತಿ ದಾಳಿಂಬೆ ಬಣ್ಣ" ಎನ್ನುತ್ತೀರಿ. ಐದು ಗಜ ಒಂದೇ ಮಾತಿನಲ್ಲಿ ಮುಗಿಯಿತು. ದಡಿಗೆ ಬಂದಾಗ ನಾಲ್ಕು ಮಾತು ಬೇಕು. ಟೋಪ ತೆನಿ ಸೆರಗಿಗೆ ಇನ್ನೂ ಜಾಸ್ತಿ. ಎಂಪೆಗ್ ಕೂಡ ಹೀಗೇ ಮಾಡುತ್ತದೆ. ಮಡಿಯನ್ನು ಮತ್ತೆ ಸೀಳಿ, 8×8 ಪಿಕ್ಸೆಲ್‌ನ ತುಂಡು ತೆಗೆದುಕೊಂಡು 64 ಸಿದ್ಧ ನಮೂನೆಗಳ ಜೊತೆ ಹೋಲಿಸುತ್ತದೆ. ಮೊದಲನೆಯದು ಸಪಾಟು ಬಣ್ಣ. ಆಮೇಲೆ ನಿಧಾನ ಏರಿಳಿತದ ಪಟ್ಟಿ. ಮುಂದೆ ಮುಂದೆ ಪಟ್ಟಿಗಳು ಸಣ್ಣದಾಗುತ್ತ ಹೋಗಿ, ಕೊನೆಗೆ ಚದುರಂಗದ ಮಣೆಯಷ್ಟು ಒತ್ತೊತ್ತಾದ ಚೌಕಳಿ. ಯಾವ ನಮೂನೆ ಎಷ್ಟೆಷ್ಟು ಬೆರೆತಿದೆ ಎಂದು ಬರೆದರೆ ಆ ತುಂಡು ಮತ್ತೆ ಹುಟ್ಟುತ್ತದೆ.

ಹಾರ್ಮೋನಿಯಂ ಬಲ್ಲವರಿಗೆ ಬೇರೆ ರೀತಿ ಹೇಳುತ್ತೇನೆ. ಇದು 64 ಮನೆಯ ಪೆಟ್ಟಿಗೆ. ಮೊದಲ ಮನೆ ಶ್ರುತಿ. ಉಳಿದವು ಮೇಲೆ ಮೇಲೆ ಏರುವ ಸ್ವರ. ನಮ್ಮ ಕಣ್ಣು ಕೆಳಗಿನ ಸ್ವರಗಳನ್ನು ಚೆನ್ನಾಗಿ ಗುರುತಿಸುತ್ತದೆ, ತೀರಾ ಮೇಲಿನವನ್ನು ಅಷ್ಟಾಗಿ ಗಮನಿಸುವುದಿಲ್ಲ. ಹಾಗಾಗಿ ಬಿಟ್ ಕಡಿಮೆ ಬಿದ್ದಾಗ ಮೇಲಿನ ಸ್ವರಗಳನ್ನು ಮೊದಲು ಬಿಡುತ್ತಾರೆ. ಇನ್ನೂ ಕಡಿಮೆ ಬಿದ್ದರೆ ಇನ್ನಷ್ಟು ಬಿಡುತ್ತಾರೆ. ಕೊನೆಗೆ ಉಳಿಯುವುದು ಶ್ರುತಿ ಮಾತ್ರ. ಆಗ ಪ್ರತಿ 8×8 ತುಂಡು ಒಂದೇ ಬಣ್ಣದ ಹಂಚಾಗುತ್ತದೆ. ಪಕ್ಕದ ಹಂಚಿನ ಬಣ್ಣ ಸ್ವಲ್ಪ ಬೇರೆ. ನಡುವಿನ ಗೆರೆ ಕಣ್ಣಿಗೆ ಹೊಡೆಯುತ್ತದೆ. ಸತ್ಯಭಾಮೆಯ ಮುಖದ ಮೇಲಿನ ಚೌಕಗಳು ಇವೇ. ಅವಳು ನಿಂತಾಗ ಏಕೆ ಸರಿ ಕಾಣುತ್ತಿದ್ದಳು? ಬದಲಾಗದ ಮಡಿಗೆ 'ಹಿಂದಿನದ್ದೇ ಇರಲಿ' ಎಂದರೆ ಸಾಕು, ಬಿಟ್ ಬೇಕಾಗುವುದಿಲ್ಲ. ಕುಣಿದಾಗ ಎಲ್ಲ ಮಡಿಗಳೂ ಒಟ್ಟಿಗೆ ನೀರು ಕೇಳುತ್ತವೆ.

ಈ 64 ನಮೂನೆಗಳ ಲೆಕ್ಕಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ಇದನ್ನು ಕೊಟ್ಟವರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ವಿಶ್ವೇಶ್ವರಯ್ಯನವರ ಹೆಸರಿನ ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಈ ಕೆಲಸಕ್ಕೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬಳಿ ಹಣ ಕೇಳಿದರು. ವಿಷಯ ತೀರಾ ಸರಳವಾಯಿತು ಎಂಬ ಕಾರಣಕ್ಕೆ ಹಣ ಸಿಗಲಿಲ್ಲ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಇಂದು ನಿಮ್ಮ ಮೊಬೈಲಿನ ಪ್ರತಿ ಜೆಪೆಗ್ ಫೋಟೊದಲ್ಲೂ ಅದು ಕೂತಿದೆ. ನಮ್ಮ ಶಾಲೆಯ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮತ್ತೆ ಕ್ಯಾಸೆಟ್ಟಿಗೆ ಬರೋಣ. ಅಗಲವನ್ನು ಅರ್ಧ ಮಾಡಿದರೆ ವಿವರ ಹೋಗುವುದಿಲ್ಲವೇ? ವಿಎಚ್‌ಎಸ್‌ನಲ್ಲಿ ಆ ವಿವರ ಇರುವುದೇ ಇಲ್ಲ. ಅದರ ಅಡ್ಡ ಸ್ಪಷ್ಟತೆ ಸುಮಾರು 240 ಟಿವಿ ಗೆರೆ. ಈ ಗೆರೆಗಳನ್ನು ಚಿತ್ರದ ಎತ್ತರದಷ್ಟು ಅಗಲಕ್ಕೆ ಎಣಿಸುತ್ತಾರೆ. ಹಾಗಾಗಿ ಪೂರ್ತಿ ಅಗಲಕ್ಕೆ ಸುಮಾರು 320 ಆಯಿತು. 352 ಪಿಕ್ಸೆಲ್‌ನಲ್ಲಿ ಅದು ಆರಾಮಾಗಿ ಕೂರುತ್ತದೆ. 720ರಲ್ಲಿ ಹಿಡಿದರೆ ಹೆಚ್ಚಿಗೆ ಬರುವುದು ಟೇಪಿನ ಗಿಜಿಗಿಜಿ ಮಾತ್ರ. ಆ ಗಿಜಿಗಿಜಿಗೆ ನಮೂನೆ ಇಲ್ಲ, ಪ್ರತಿ ಚಿತ್ರದಲ್ಲೂ ಹೊಸದು. ಅಮೂಲ್ಯ ಬಿಟ್‌ಗಳನ್ನು ಅದೇ ಕುಡಿದುಬಿಡುತ್ತದೆ, ಕಬ್ಬಿನ ನಡುವಿನ ಕಳೆಯ ಹಾಗೆ.

352 ಯಾಕೆ, 360 ಯಾಕಲ್ಲ? 360ನ್ನು 16ರಿಂದ ಭಾಗಿಸಿದರೆ ಪೂರ್ತಿ ಮಡಿ ಸಿಗುವುದಿಲ್ಲ, 352ರಲ್ಲಿ ಸಿಗುತ್ತದೆ. ಡಿವಿಡಿ ನಿಯಮ ಪಾಲ್ ಎಂಬ ನಮ್ಮ ಟಿವಿ ಪದ್ಧತಿಗೆ ಒಪ್ಪುವ ಗಾತ್ರಗಳು ಮುಖ್ಯವಾಗಿ ನಾಲ್ಕು: 720×576, 704×576, 352×576, 352×288. ನಡುವೆ ನಿಮ್ಮ ಮನಸ್ಸಿಗೆ ಬಂದ ಗಾತ್ರ ಹಾಕಿದರೆ ಪ್ಲೇಯರ್ ತಿರಸ್ಕರಿಸಬಹುದು. 352×576 ಎಂದರೆ ಚಿತ್ರ ಸೊರಗಿ ಉದ್ದವಾಗುತ್ತದೆ ಎಂದು ಹೆದರಬೇಡಿ. ಪ್ಲೇಯರ್ ಅದನ್ನು ಟಿವಿಯ ಅಗಲಕ್ಕೆ ಎಳೆದೇ ತೋರಿಸುತ್ತದೆ.

ಎತ್ತರವನ್ನು ಮಾತ್ರ ಆದಷ್ಟು ಮುಟ್ಟಬೇಡಿ. ಹಳೇ ಟಿವಿಯ ಚಿತ್ರ ಒಂದೇ ಸಲ ಬರುವುದಿಲ್ಲ. ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರ. ಒಂದೊಂದರಲ್ಲಿ 288 ಗೆರೆ. ಎತ್ತರವನ್ನು 288ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಒಂದು ಅರ್ಧವನ್ನು ಬಿಸಾಡಿದಂತೆ. 50 ಹೆಜ್ಜೆಯ ಚಲನೆ 25ಕ್ಕೆ ಬರುತ್ತದೆ. ಕೂತು ಮಾತಾಡುವ ಪ್ರವಚನಕ್ಕೆ ಅದು ನಡೆಯುತ್ತದೆ. ಎಂಟು ತಾಸು ತುಂಬಬೇಕಾದಾಗ ಬೇರೆ ದಾರಿಯೂ ಇಲ್ಲ. ಹಿಂದೆ ಮನೆಮನೆಯಲ್ಲಿದ್ದ ವಿಸಿಡಿ ಇದೇ 352×288. ಆದರೆ ಪಾರಿಜಾತದ ಕುಣಿತದಲ್ಲಿ ಗೆಜ್ಜೆಯ ಸದ್ದಿಗೂ ಕಾಲಿಗೂ ಇರುವ ನಯ ಹೋಗಿಬಿಡುತ್ತದೆ. ನಾಲ್ಕು ತಾಸಿಗೆ 352×576 ಸರಿಯಾದ ಆಯ್ಕೆ.

ಕೊನೆಗೆ ಅಂಗಡಿಯ ಡಿಸ್ಕನ್ನು ಇನ್ನೊಮ್ಮೆ ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಧ್ವನಿಯನ್ನು ಒತ್ತಿ ಚಿಕ್ಕದು ಮಾಡಿರಲೇ ಇಲ್ಲ. ಪಿಸಿಎಂ ರೂಪದಲ್ಲಿ ಹಾಗೇ ಬಿಟ್ಟಿದ್ದರು. ಅದು ಸೆಕೆಂಡಿಗೆ 1.5 ಮೆಗಾಬಿಟ್ ತಿನ್ನುತ್ತದೆ. ನಾಲ್ಕು ತಾಸಿಗೆ 2.76 ಜಿಬಿ. ಅರ್ಧಕ್ಕಿಂತ ಜಾಸ್ತಿ ಡಿಸ್ಕು! ಚಿತ್ರದ ಮಡಿಗೆ ಸಿಕ್ಕಿದ್ದು 57 ಅಲ್ಲ, ಸುಮಾರು 25 ಬಿಟ್.

ನಾನು ಧ್ವನಿಯನ್ನು ಡಾಲ್ಬಿಯ ಎಸಿ-3 ರೂಪಕ್ಕೆ, 192 ಕಿಲೋಬಿಟ್‌ಗೆ ಇಳಿಸಿದೆ. ಚಿತ್ರದ ಗಿಜಿಗಿಜಿ ಸ್ವಲ್ಪ ತೊಡೆದೆ. ಗಾತ್ರ 352×576, ಸರಾಸರಿ 2.3 ಮೆಗಾಬಿಟ್. ಎರಡು ಸುತ್ತಿನ ಎನ್‌ಕೋಡಿಂಗ್ ಇಟ್ಟೆ. ಮೊದಲ ಸುತ್ತಿನಲ್ಲಿ ಸಾಫ್ಟ್‌ವೇರ್ ಇಡೀ ಆಟ ನೋಡಿಕೊಳ್ಳುತ್ತದೆ. ಎರಡನೆಯದರಲ್ಲಿ ಭಾಗವತರು ನಿಂತು ಹಾಡುವಲ್ಲಿ ಉಳಿಸಿದ ಬಿಟ್‌ಗಳನ್ನು ಕುಣಿತಕ್ಕೆ ಕೊಡುತ್ತದೆ. ರಾತ್ರಿಯಿಡೀ ಕಂಪ್ಯೂಟರ್ ಓಡಿತು.

ಬೆಳಿಗ್ಗೆ ಮಾವನ ಮುಂದೆ ಹಾಕಿದೆ. ಕ್ಯಾಸೆಟ್ಟಿನಷ್ಟೇ ಮಬ್ಬು, ಆದರೆ ಚೌಕ ಇಲ್ಲ. ಆಟ ಮುಗಿದು ಜನ ಭಂಡಾರ ಹಾರಿಸುವಾಗ ಮಾತ್ರ ಎರಡು ಸೆಕೆಂಡು ಒಡೆಯಿತು. ಗಾಳಿಯಲ್ಲಿ ಹಾರುವ ಅರಿಸಿನಪುಡಿಯ ಒಂದೊಂದು ಕಣಕ್ಕೂ ಒಂದೊಂದು ದಾರಿ. ಅದನ್ನು ಯಾವ ನಮೂನೆಯೂ ಹಿಡಿಯಲಾರದು. ಮಾವ ಅದನ್ನು ಗಮನಿಸಲಿಲ್ಲ. ರಿಮೋಟ್ ತೆಗೆದುಕೊಂಡು ಕೊರವಂಜಿ ಬುಟ್ಟಿ ಹೊತ್ತು ಬರುವಲ್ಲಿಗೆ ಹಿಂದಕ್ಕೆ ಹೋದರು. "ನೋಡು, ಈಗ ಮೂಗಿನ ನತ್ತು ಕಾಣ್ತದ" ಎಂದರು.