ಎಣ್ಣೆ ಕಂಪನಿಗೆ ಚಿಪ್ಪಿನ ಹೆಸರು ಯಾಕೆ?

ಪ್ರಶ್ನೆ: ಶೆಲ್ ಪೆಟ್ರೋಲ್ ಬಂಕುಗಳ ಮೇಲೆ ಹಳದಿ-ಕೆಂಪು ಬಣ್ಣದ ಚಿಪ್ಪಿನ ಗುರುತು ಇರುತ್ತದಲ್ಲ, ಪೆಟ್ರೋಲಿಗೂ ಚಿಪ್ಪಿಗೂ ಏನು ಸಂಬಂಧ? ಕಚ್ಚಾತೈಲ ಹುಟ್ಟಿದ್ದು ಕಡಲ ಜೀವಿಗಳಿಂದ ಅಂತ ಆ ಹೆಸರಿಟ್ಟರೇ?

ಉತ್ತರ: ಊಹೆ ಸೊಗಸಾಗಿದೆ, ಆದರೆ ನಿಜ ಅದಲ್ಲ. ಆ ಚಿಪ್ಪು ಬಂದದ್ದು ನೆಲದಾಳದಿಂದಲ್ಲ, ಲಂಡನ್ನಿನ ಒಂದು ಅಂಗಡಿಯಿಂದ.

1830ರ ದಶಕದಲ್ಲಿ ಮಾರ್ಕಸ್ ಸ್ಯಾಮ್ಯುಯೆಲ್ ಎಂಬ ಯಹೂದಿ ವ್ಯಾಪಾರಿ ಪೂರ್ವದೇಶಗಳಿಂದ ಹಡಗಿನಲ್ಲಿ ಬರುತ್ತಿದ್ದ ಚಿಪ್ಪುಗಳನ್ನು ಮಾರುವುದಕ್ಕೆ ಶುರುಮಾಡಿದ. ಸಣ್ಣ ಪೆಟ್ಟಿಗೆಗಳ ಮೇಲೆ ಚಿಪ್ಪು ಅಂಟಿಸಿದ ಅಲಂಕಾರದ ಸಾಮಾನು ಆತನ ಅಂಗಡಿಯ ವಿಶೇಷ. ರಜೆಗೆಂದು ಕಡಲತೀರಕ್ಕೆ ಹೋದವರು ಅದನ್ನು ನೆನಪಿಗೆಂದು ಕೊಂಡು ಮನೆಗೆ ಒಯ್ಯುತ್ತಿದ್ದರು. 1853ರಲ್ಲಿ ವೈಟ್‌ಚಾಪೆಲ್‌ನಲ್ಲಿ ಹುಟ್ಟಿದ ಮಗನಿಗೂ ಅಪ್ಪನದೇ ಹೆಸರು. ಮುಂದೆ ಶೆಲ್ ಕಂಪನಿ ಕಟ್ಟಿದ್ದು ಈ ಮಗ ಮಾರ್ಕಸ್. ಅಪ್ಪ ತೀರಿಕೊಂಡ ಮೇಲೆ ಮಾರ್ಕಸ್ ಲಂಡನ್ನಿನಿಂದ, ತಮ್ಮ ಜಪಾನಿನ ಯೊಕೊಹಾಮಾದಿಂದ ವ್ಯಾಪಾರ ಬೆಳೆಸಿದರು. ಚಿಪ್ಪಿನ ಕಾಲ ಮುಗಿದು ಅಕ್ಕಿ, ಬಟ್ಟೆ, ಯಂತ್ರಗಳ ಕಾಲ ಬಂತು.

ಸೀಮೆಎಣ್ಣೆ ಬಂದದ್ದು ಆಮೇಲೆ. ಏಷ್ಯಾದ ದೀಪಗಳಿಗೆ ಆಗ ಎಣ್ಣೆ ಒದಗಿಸುತ್ತಿದ್ದುದು ಬಹುಪಾಲು ಅಮೆರಿಕದ ಎಣ್ಣೆ ದೊರೆ ರಾಕ್‌ಫೆಲರನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ. ಅಮೆರಿಕದಿಂದ ಡಬ್ಬಗಳಲ್ಲಿ ತುಂಬಿ, ಮರದ ಪೆಟ್ಟಿಗೆಗೆ ಎರಡೆರಡು ಡಬ್ಬ ಇಟ್ಟು ಕಳಿಸುತ್ತಿದ್ದರು. ಇತ್ತ ಆಗ ರಷ್ಯಾಕ್ಕೆ ಸೇರಿದ್ದ ಬಾಕುವಿನಲ್ಲಿ ಎಣ್ಣೆ ಧಾರಾಳವಾಗಿತ್ತು. ಅದನ್ನು ಕಪ್ಪು ಸಮುದ್ರದ ಬಾಟುಮಿ ಬಂದರಿನಿಂದ ಸಾಗಿಸುತ್ತಿದ್ದ ರಾಥ್ಸ್‌ಚೈಲ್ಡ್ ಎಂಬ ಬ್ಯಾಂಕರುಗಳ ಮನೆತನ ಕೊಳ್ಳುವವರನ್ನು ಹುಡುಕುತ್ತಿತ್ತು. 1890ರಲ್ಲಿ ಆ ಕಡೆ ಹೋಗಿ ನೋಡಿಬಂದ ಮಾರ್ಕಸ್‌ಗೆ ಒಂದು ಮಾತು ಹೊಳೆಯಿತು: ಡಬ್ಬ, ಪೆಟ್ಟಿಗೆ ಯಾಕೆ, ಹಡಗನ್ನೇ ಡಬ್ಬ ಮಾಡಿದರೆ? ಅದೂ ಆಫ್ರಿಕಾ ಸುತ್ತಿಕೊಂಡು ಹೋಗದೆ ಸೂಯೆಜ್ ಕಾಲುವೆಯಲ್ಲೇ ಹಾದುಹೋದರೆ?

ಬೆಂಕಿಯ ಭಯಕ್ಕೆ ಕಾಲುವೆಯವರು ಎಣ್ಣೆ ಟ್ಯಾಂಕರುಗಳನ್ನು ಒಳಗೇ ಬಿಡುತ್ತಿರಲಿಲ್ಲ. ಅವರು ಒಪ್ಪುವಷ್ಟು ಭದ್ರವಾದ ಹಡಗನ್ನು ಮಾರ್ಕಸ್ ಕಟ್ಟಿಸಿದ. ಎಣ್ಣೆ ಇಳಿಸಿದ ಮೇಲೆ ಅದೇ ಟ್ಯಾಂಕುಗಳನ್ನು ಹಬೆಯಿಂದ ತೊಳೆದು, ವಾಪಸು ಬರುವಾಗ ಅಕ್ಕಿಯಂಥ ಸರಕು ತುಂಬಿಕೊಳ್ಳಬಹುದಿತ್ತು. 1892ರ ಆಗಸ್ಟ್‌ನಲ್ಲಿ ಸುಮಾರು 4,000 ಟನ್ ಸೀಮೆಎಣ್ಣೆ ಹೊತ್ತು ಆ ಹಡಗು ಸೂಯೆಜ್ ದಾಟಿತು. ಅದರ ಹೆಸರು ಮ್ಯೂರೆಕ್ಸ್, ಮುಳ್ಳುಮುಳ್ಳಾದ ಒಂದು ಕಡಲ ಚಿಪ್ಪು. ಹಿಂದೆ ಬಂದವು ಕಾಂಚ್, ಕ್ಲ್ಯಾಮ್, ಕೌರಿ. ಎಂದರೆ ಶಂಖ, ನಮ್ಮ ಕರಾವಳಿಯವರ ಮರುವಾಯಿ, ಕವಡೆ. ಅಪ್ಪನ ಅಂಗಡಿಯ ಸಾಮಾನೆಲ್ಲ ಒಂದೊಂದಾಗಿ ಕಡಲಿಗೆ ಇಳಿಯಿತು.

ಇಲ್ಲೊಂದು ತೊಡಕಾಯಿತು, ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಭಾಗ ಅದೇ. ಎಣ್ಣೆಯೇನೋ ಅಗ್ಗದಲ್ಲಿ ಬಂತು, ಆದರೆ ಏಷ್ಯಾದ ಜನ ಕೊಳ್ಳಲು ಮುಂದೆ ಬರಲಿಲ್ಲ. ಎಣ್ಣೆಯಷ್ಟೇ ಅವರಿಗೆ ಡಬ್ಬವೂ ಬೇಕಿತ್ತು! ಖಾಲಿಯಾದ ಡಬ್ಬವನ್ನು ಬಿಚ್ಚಿ ಸೂರಿಗೆ ಹೊದಿಸುತ್ತಿದ್ದರು, ಒಲೆ ಮಾಡಿಕೊಳ್ಳುತ್ತಿದ್ದರು. ಸೀಮೆಎಣ್ಣೆ ಡಬ್ಬದಲ್ಲಿ ನೀರು ಹೊತ್ತ, ಅಕ್ಕಿ ತುಂಬಿಟ್ಟ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಮಾರ್ಕಸ್ ತಕ್ಷಣ ತಗಡು ತರಿಸಿ, ಊರೂರಲ್ಲೇ ಡಬ್ಬ ಮಾಡಿಸಿದ. ಸ್ಟ್ಯಾಂಡರ್ಡ್‌ನವರದು ನೀಲಿ, ಇವನದು ಹೊಳೆಯುವ ಕೆಂಪು. ದೂರದಿಂದ ಬರುವಷ್ಟರಲ್ಲಿ ನೀಲಿ ಡಬ್ಬ ಜಜ್ಜಿ ಬಣ್ಣಗೆಟ್ಟಿರುತ್ತಿತ್ತು, ಕೆಂಪು ಡಬ್ಬ ಹೊಚ್ಚಹೊಸದು.

1897ರಲ್ಲಿ ಈ ವ್ಯವಹಾರವೆಲ್ಲ ಸೇರಿ 'ಶೆಲ್ ಟ್ರಾನ್ಸ್‌ಪೋರ್ಟ್ ಆ್ಯಂಡ್ ಟ್ರೇಡಿಂಗ್' ಕಂಪನಿಯಾಯಿತು. ಹೆಸರಲ್ಲೇ ಇದೆ ನೋಡಿ: ಸಾಗಾಟ ಮತ್ತು ವ್ಯಾಪಾರ. ಬಾವಿ ತೋಡುವ ಮಾತೇ ಇಲ್ಲ. ಗುರುತು ಮೊದಲು ಬೇರೆ ಚಿಪ್ಪಿನದಿತ್ತು, 1904ರಿಂದ ಈಗಿನ ಬೀಸಣಿಗೆಯಂಥ ಚಿಪ್ಪು ಬಂತು. ಭಾರತಕ್ಕೆ ಸ್ಯಾಮ್ಯುಯೆಲ್ ಕಂಪನಿಯ ಸೀಮೆಎಣ್ಣೆ ತರಿಸುತ್ತಿದ್ದ ಗ್ರಹಾಂ ಎಂಬ ನಿರ್ದೇಶಕನ ಮನೆತನದ ಲಾಂಛನದಲ್ಲಿ ಅಂಥ ಚಿಪ್ಪಿತ್ತು, ಅಲ್ಲಿಂದಲೇ ಬಂದಿರಬಹುದು ಎಂದು ಕಂಪನಿಯವರೇ ಹೇಳುತ್ತಾರೆ. ನಮ್ಮ ಹಿರಿಯರು ನೋಡಿದ ಬರ್ಮಾ-ಶೆಲ್ ಬಂಕುಗಳ ಕಥೆ ಬೇರೆ: 1928ರಲ್ಲಿ ಶುರುವಾದ ಆ ಕೂಡುಕಂಪನಿಯನ್ನು 1976ರಲ್ಲಿ ಸರ್ಕಾರ ವಹಿಸಿಕೊಂಡಿತು. ಅದೇ ಇಂದಿನ ಭಾರತ್ ಪೆಟ್ರೋಲಿಯಂ.

ಸ್ವಂತ ಬಾವಿ ಸಾಕಷ್ಟಿಲ್ಲದ್ದೇ ಮಾರ್ಕಸ್‌ಗೆ ಮುಳುವಾಯಿತು. 1901ರಲ್ಲಿ ಟೆಕ್ಸಸ್‌ನಲ್ಲಿ ಚಿಮ್ಮಿದ ಎಣ್ಣೆಯನ್ನು ನಂಬಿ ದೀರ್ಘಾವಧಿಯ ಕರಾರು ಮಾಡಿಕೊಂಡ. ಮರುವರ್ಷವೇ ಅಲ್ಲಿನ ಬಾವಿಗಳು ಸೊರಗಿ, ಟ್ಯಾಂಕರುಗಳಲ್ಲಿ ದನ ಸಾಗಿಸುವ ಸ್ಥಿತಿ ಬಂತು. ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಬರಲಿ ಎಂದು ವರ್ಷಗಟ್ಟಲೆ ವಾದಿಸಿದ್ದ. 1902ರಲ್ಲಿ ಹ್ಯಾನಿಬಲ್ ಯುದ್ಧನೌಕೆಯಲ್ಲಿ ಪರೀಕ್ಷೆ ನಡೆದಾಗ ಬರ್ನರ್ ಸರಿಯಿಲ್ಲದೆ ಹಡಗೇ ಕಾಣದಷ್ಟು ಕಪ್ಪು ಹೊಗೆ ಎದ್ದಿತು. ಕೊನೆಗೆ 1907ರಲ್ಲಿ ಡಚ್ಚರ ರಾಯಲ್ ಡಚ್ ಎಣ್ಣೆ ಕಂಪನಿಯ ಜೊತೆ ಕೂಡಬೇಕಾಯಿತು: ಅವರಿಗೆ 60 ಪಾಲು, ಇವನಿಗೆ 40. ಹೆಸರು ಉಳಿಯಿತು, ಚುಕ್ಕಾಣಿ ರಾಯಲ್ ಡಚ್‌ನ ಮುಖ್ಯಸ್ಥ ಹೆನ್ರಿ ಡೆಟರ್ಡಿಂಗ್‌ನ ಕೈಗೆ ಹೋಯಿತು.

ಬಿರುದುಗಳು ಮಾತ್ರ ಬರುತ್ತಲೇ ಇದ್ದವು. ಪೋರ್ಟ್ ಸೈದ್ ಬಳಿ ನೆಲಕಚ್ಚಿದ್ದ ವಿಕ್ಟೋರಿಯಸ್ ಯುದ್ಧನೌಕೆಯನ್ನು ಅವನ ಕಂಪನಿಯ ದೋಣಿ ಎಳೆದು ಬಿಡಿಸಿದ್ದಕ್ಕೆ 1898ರಲ್ಲಿ 'ಸರ್' ಪದವಿ ಸಿಕ್ಕಿತು. 1902ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ. ಮೇಯರನ ಔತಣಕ್ಕೆ ಎಲ್ಲ ದೇಶಗಳ ರಾಯಭಾರಿಗಳನ್ನೂ ಕರೆಯುವುದು ವಾಡಿಕೆ. ಯಹೂದಿಗಳನ್ನು ಹಿಂಸಿಸುತ್ತಿದ್ದ ರೊಮೇನಿಯಾದ ಪ್ರತಿನಿಧಿಯನ್ನು ಮಾರ್ಕಸ್ ಕರೆಯಲಿಲ್ಲ. ಪದವಿಗಾಗಿ ಆಸೆಪಟ್ಟ ಮನುಷ್ಯ ಆತ. ಪದವಿ ಕೈಗೆ ಬಂದ ದಿನ ಅದನ್ನು ತನ್ನವರಿಗಾಗಿ ಬಳಸಿದ. ಅವನ ಎಲ್ಲ ಬಿರುದುಗಳಿಗಿಂತ ನಾನು ಇದನ್ನು ದೊಡ್ಡದು ಎನ್ನುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಸ್ಫೋಟಕ ಟಿಎನ್‌ಟಿಗೆ ಟಾಲ್ಯೂಯಿನ್ ಎಂಬ ರಾಸಾಯನಿಕ ಬೇಕಾಯಿತು. ಬೋರ್ನಿಯೋದ ಶೆಲ್ ಎಣ್ಣೆಯಲ್ಲಿ ಅದು ಹೇರಳವಾಗಿತ್ತು, ಆದರೆ ಅದನ್ನು ಬೇರ್ಪಡಿಸುವ ಕಾರ್ಖಾನೆ ಇದ್ದದ್ದು ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ. 1915ರ ಆರಂಭದಲ್ಲಿ ಆ ಕಾರ್ಖಾನೆಯನ್ನೇ ಬಿಚ್ಚಿ, ಗುಟ್ಟಾಗಿ ಹಡಗಿಗೆ ಹೇರಿ ಇಂಗ್ಲೆಂಡಿಗೆ ತಂದು ಜೋಡಿಸಿದರು. ಅದೇ ಯುದ್ಧದಲ್ಲಿ ಮಾರ್ಕಸ್‌ನ ಒಬ್ಬ ಮಗ ಸತ್ತ.

1921ರಲ್ಲಿ ಅವನನ್ನು ಬ್ಯಾರನ್ ಮಾಡಿದರು. ಹಾಗೆಂದರೆ ಬ್ರಿಟನ್ನಿನ ಮೇಲ್ಮನೆಯಲ್ಲಿ ಕೂರುವ, ವಂಶಪಾರಂಪರ್ಯವಾಗಿ ಮಗನಿಗೂ ಸಲ್ಲುವ ಪದವಿ. 1925ರಲ್ಲಿ ಒಂದು ಮೆಟ್ಟಿಲು ಮೇಲಕ್ಕೆ, ವೈಕೌಂಟ್. ಅಂಥವರು ಹೆಸರಿಗೆ ಒಂದು ಊರನ್ನು ಸೇರಿಸಿಕೊಳ್ಳುತ್ತಾರೆ. ಕೆಂಟ್‌ನಲ್ಲಿದ್ದ ತನ್ನ ಬಂಗಲೆಯ ಹತ್ತಿರದ ಬೇರ್‌ಸ್ಟೆಡ್ ಎಂಬ ಹಳ್ಳಿಯನ್ನು ಅವನು ಆರಿಸಿಕೊಂಡ. ಚಿಪ್ಪಂಗಡಿಯ ಹುಡುಗ ಲಾರ್ಡ್ ಬೇರ್‌ಸ್ಟೆಡ್ ಆದ. 1927ರ ಜನವರಿಯಲ್ಲಿ ಹೆಂಡತಿ ಫ್ಯಾನಿ ತೀರಿಕೊಂಡಳು. ಒಂದು ದಿನ ಕಳೆಯುವುದರೊಳಗೆ ಮಾರ್ಕಸ್ ಕೂಡ ಹೋದ.